ವೈರಸ್ ಇಲ್ಲ, ಭಯ ಇದೆ

ಬಸವಕಲ್ಯಾಣದಲ್ಲಿ ಶೂಟಿಂಗ್ ಮುಗಿಸಿ ವಾಪಸ್ ಬರ್ತಾ ಇದ್ದೆ. ಒಂದು ಪ್ರಿಂಟ್ ಬೇಕಿತ್ತು, ಹುಮನಾಬಾದ್‌ನ ಪುಟ್ಟ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋದೆ. ಇದ್ದಕ್ಕಿದ್ದಂತೆ ಸ್ಕ್ರೀನ್ ಕೆಂಪಾಯ್ತು, ಸೈರನ್ ಕೂಗಿತು. ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರ್‌ಗೆ ಕರೆ ಮಾಡಿ ಅಂತ ಇಂಗ್ಲಿಷ್‌ನಲ್ಲಿ ಎಚ್ಚರಿಕೆ. ಅಂಗಡಿ ಹುಡುಗ ಬೆವೆತುಹೋದ.

'ಸರ್, ಮಂದಿದು ಆಧಾರ್, ಪಹಣಿ ಎಲ್ಲಾ ಇದರಾಗೇ ಅದಾವ್ರಿ. ಫೋನ್ ಹಚ್ಚಲೇನ್ರಿ?'

'ತಡಿಯಪ್ಪಾ, ಒಂದು ನಿಮಿಷ' ಅಂದೆ.

ಆ ಕೆಂಪು ಪರದೆಯ ಹಿಂದೆ ಮೂವತ್ತು ವರ್ಷದ ಇತಿಹಾಸ ಇದೆ ವೀಕ್ಷಕರೇ. 1994ರಲ್ಲಿ ಅಮೆರಿಕದಲ್ಲಿ ಒಂದು ಇಮೇಲ್ ಹರಿದಾಡಿತು. 'ಗುಡ್ ಟೈಮ್ಸ್' ಅನ್ನೋ ಹೆಸರಿನ ಪತ್ರ ತೆರೆದರೆ ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತೆ, ಎಲ್ಲರಿಗೂ ತಿಳಿಸಿ ಅಂತ. ಅಂಥ ವೈರಸ್ಸೇ ಇರಲಿಲ್ಲ! ಹರಡಿದ್ದು ಎಚ್ಚರಿಕೆ ಮಾತ್ರ. 2002ರಲ್ಲಿ ಇನ್ನೊಂದು: ಪುಟ್ಟ ಕರಡಿ ಚಿತ್ರದ ಫೈಲ್ ಇದ್ದರೆ ಅದು ವೈರಸ್, ಅಳಿಸಿಹಾಕಿ ಅಂತ. ಅದು ವಿಂಡೋಸ್‌ನ ಸ್ವಂತ ಫೈಲು. ಜನ ತಮ್ಮ ಕೈಯಾರೆ ಅಳಿಸಿದರು.

ಆಗ ಅದು ಕಿಡಿಗೇಡಿತನ. ಆಮೇಲೆ ದಂಧೆಯಾಯ್ತು. ಸುಳ್ಳು ಸ್ಕ್ಯಾನ್ ತೋರಿಸಿ ಸಾಫ್ಟ್‌ವೇರ್ ಮಾರುತ್ತಿದ್ದ ಒಂದು ಜಾಲವನ್ನು 2008ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೋರ್ಟಿಗೆಳೆಯಿತು. ಮೋಸ ಹೋದವರು 10 ಲಕ್ಷಕ್ಕೂ ಹೆಚ್ಚು ಅನ್ನೋದು ಆರೋಪ. ಈಗ ಸಾಫ್ಟ್‌ವೇರ್ ಬದಲು ಫೋನ್ ನಂಬರ್ ಬಂದಿದೆ. ನಾಚಿಕೆಯ ಸಂಗತಿ ಏನು ಗೊತ್ತಾ? ಫೋನ್ ಎತ್ತುವವರಲ್ಲಿ ನಮ್ಮವರೂ ಇದ್ದಾರೆ. 2023ರ ಅಕ್ಟೋಬರ್‌ನಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಹೆಸರಲ್ಲಿ ಕರ್ನಾಟಕವೂ ಸೇರಿ ದೇಶದ 76 ಕಡೆ ದಾಳಿ ಮಾಡಿತು. ಮೈಕ್ರೋಸಾಫ್ಟ್, ಅಮೆಜಾನ್ ಹೆಸರು ಹೇಳಿ ವಿದೇಶಿಯರನ್ನು ವಂಚಿಸುತ್ತಿದ್ದ ಕಾಲ್ ಸೆಂಟರ್‌ಗಳೂ ಆ ಬಲೆಗೆ ಬಿದ್ದವು.

ಕಂಪ್ಯೂಟರ್ ವಿಷಯ ತಾನೇ ಅಂತೀರಾ? ಸುಳ್ಳು ಎಚ್ಚರಿಕೆ ಏನು ಮಾಡುತ್ತೆ ಅಂತ ಬೀದರ್ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. 2018ರ ಜುಲೈ 13. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಗೆಳೆಯರನ್ನು ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಹರಡಿದರು. ಮುರ್ಕಿಯಲ್ಲಿ ಜನ ಕಾರು ಅಡ್ಡಗಟ್ಟಿದರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಪ್ರಾಣವನ್ನೇ ಕಳೆದುಕೊಂಡ. ಹೆದರಿಸು, ಅವಸರ ಮಾಡು, ಯೋಚಿಸೋಕೆ ಬಿಡಬೇಡ. ಅಲ್ಲೂ ಇದೇ ಸೂತ್ರ, ಇಲ್ಲೂ ಇದೇ ಸೂತ್ರ.

ಹುಡುಗನಿಗೆ ಹೇಳಿದೆ: ನಿಜವಾದ ಆ್ಯಂಟಿವೈರಸ್ ಸೈರನ್ ಹಾಕಿ ಫೋನ್ ಮಾಡು ಅನ್ನಲ್ಲ. ಇದು ಬರೀ ಒಂದು ವೆಬ್ ಪುಟ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತು, ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಚ್ಚು. ಮತ್ತೆ ತೆರೆದಾಗ ಹಳೇ ಪುಟ ತರಲೇ ಅಂತ ಕೇಳಿದರೆ ಬೇಡ ಅನ್ನು. ಆಮೇಲೆ ನಿನ್ನದೇ ಆ್ಯಂಟಿವೈರಸ್‌ನಿಂದ ಒಮ್ಮೆ ಸ್ಕ್ಯಾನ್ ಮಾಡು.

ಹುಡುಗ ಮುಚ್ಚಿದ. ಸೈರನ್ ನಿಂತಿತು. ಪಹಣಿಗಳೆಲ್ಲ ಇದ್ದಲ್ಲೇ ಇದ್ದವು.

ಅಕಸ್ಮಾತ್ ನೀವು ಕರೆ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡಿದ್ದರೆ? ಮೊದಲು ಇಂಟರ್ನೆಟ್ ಕಿತ್ತುಹಾಕಿ. ಬ್ಯಾಂಕಿಗೆ ತಿಳಿಸಿ, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ನಾಚಿಕೆಪಟ್ಟು ಸುಮ್ಮನಿದ್ದಷ್ಟೂ ಕಳ್ಳನಿಗೇ ಲಾಭ.

ಹೊರಡುವಾಗ ಹುಡುಗ ಪ್ರಿಂಟಿನ ದುಡ್ಡು ತಗೊಳ್ಳಲಿಲ್ಲ. 'ನಂಬರ್ ಒತ್ತೇಬಿಡ್ತಿದ್ದೆ ನೋಡ್ರಿ ಸರ್' ಅಂದ.