ಇಂದ್ರನೀಲದ ಅಭ್ರಿಕಾದೋಷ: ಒಂದು ಪದವಿಚಾರ

ರತ್ನಪರೀಕ್ಷೆಯ ಗ್ರಂಥಗಳನ್ನು ಸಂಪಾದಿಸುವವರಿಗೆ ವ್ಯಾಕರಣಕ್ಕಿಂತಲೂ ಕಸುಬಿನ ಪರಿಭಾಷೆಯೇ ಹೆಚ್ಚು ತೊಡಕನ್ನುಂಟುಮಾಡುತ್ತದೆ. ಜೈನ ವಿದ್ವಾಂಸರಿಗೆ ಈ ವಿಷಯದಲ್ಲಿ ಮೊದಲು ನೆನಪಾಗುವುದು ಠಕ್ಕುರ ಫೇರುವಿನ ‘ರಯಣಪರಿಕ್ಖಾ’. ಶ್ರೀಮಾಲ ಕುಲದ ಈ ಶ್ರಾವಕನು ಅಲಾವುದ್ದೀನ್ ಖಿಲ್ಜಿಯ ದೆಹಲಿಯಲ್ಲಿದ್ದು, ವಿಕ್ರಮ ಸಂವತ್ 1372ರಲ್ಲಿ, ಎಂದರೆ ಕ್ರಿ.ಶ. 1315ರಲ್ಲಿ, ಸುಲ್ತಾನನ ಭಂಡಾರದ ರತ್ನಗಳನ್ನು ಕಣ್ಣಾರೆ ಕಂಡು ಇದನ್ನು ರಚಿಸಿದನು. ಕಲ್ಕತ್ತೆಯಲ್ಲಿ ನಾಹಟಾ ಮನೆತನದ ವಿದ್ವಾಂಸರ ಕಣ್ಣಿಗೆ ಬಿದ್ದ ಹಸ್ತಪ್ರತಿಯಿಂದ ಈ ಕೃತಿಯು ಬೆಳಕು ಕಂಡಿತು. 1961ರಲ್ಲಿ ಜೋಧಪುರದಿಂದ ಅಚ್ಚಾಯಿತು. ಇಂತಹ ಕೃತಿಗಳಲ್ಲಿ ಪಾಠಾಂತರದ ಬೆಂಬಲ ದೊರೆಯದ ಕಡೆ ಸಂಪಾದಕನು ವಸ್ತುವನ್ನೇ ಆಶ್ರಯಿಸಬೇಕಾಗುತ್ತದೆ.

ಫೇರುವಿಗೂ ಹಿಂದಿನ ಆಕರ ಬುದ್ಧಭಟ್ಟನ ‘ರತ್ನಪರೀಕ್ಷಾ’. ಅದರ ಬಹುಭಾಗವು ಗರುಡಪುರಾಣದಲ್ಲಿಯೂ ಸೇರಿಕೊಂಡಿದೆ. ಇಂದ್ರನೀಲದ ಜನ್ಮಭೂಮಿ ಸಿಂಹಳವೆಂದು ಹೇಳಿ, ಆ ಪ್ರಕರಣವು ಮೃತ್ತಿಕೆ, ಪಾಷಾಣ, ರಂಧ್ರ, ಕರ್ಕರ, ತ್ರಾಸ ಎಂಬ ದೋಷಗಳೊಡನೆ ‘ಅಭ್ರಿಕಾಪಟಲ’ದ ಛಾಯೆಯನ್ನೂ ಎಣಿಸುತ್ತದೆ. ‘ಅಭ್ರಕ’ವೆಂಬುದು ಕಾಗೆಬಂಗಾರವಾದುದರಿಂದ ಇದನ್ನು ಕಾಗೆಬಂಗಾರದ ಪದರವೆಂದು ಅರ್ಥೈಸುವುದು ಸುಲಭ. ಆದರೆ ಇದು ಸರಿಯೆ?

ಉತ್ತರಕ್ಕಾಗಿ ಸಿಂಹಳದ ರತ್ನಪುರಕ್ಕೆ ಹೋಗಬೇಕು. ಅಲ್ಲಿ ನೀಲವನ್ನು ಬಂಡೆಯಿಂದ ಒಡೆದು ತೆಗೆಯುವುದು ವಿರಳ. ಬೆಟ್ಟದ ಶಿಲೆಗಳು ಯುಗಾಂತರಗಳಿಂದ ಶಿಥಿಲವಾಗಿ, ಮಳೆನೀರಿನಲ್ಲಿ ಹರಿದುಬಂದು, ಕಣಿವೆಯ ಗದ್ದೆಗಳ ಕೆಳಗೆ ‘ಇಲ್ಲಮ್’ ಎಂಬ ಜಲ್ಲಿಪದರವಾಗಿ ನೆಲೆಸಿವೆ. ಹಲವೆಡೆ 30–40 ಅಡಿ ಆಳಕ್ಕೆ ಗುಂಡಿ ತೋಡಿ, ಬದಿ ಕುಸಿಯದಂತೆ ಮರದ ದಿಮ್ಮಿಗಳನ್ನು ಅಡ್ಡಗಟ್ಟಿ, ಅವುಗಳ ಹಿಂದೆ ಕಾಡುಜರಿಯ ಸೊಪ್ಪನ್ನು ತುರುಕುತ್ತಾರೆ. ಜಿನುಗುವ ನೀರನ್ನು ಎತ್ತುತ್ತಲೇ ಇರಬೇಕು. ಮೇಲೆ ತಂದ ಜಲ್ಲಿಯನ್ನು ಆಳವಿಲ್ಲದ ಶಂಕುವಿನಾಕಾರದ ಬಿದಿರುಬುಟ್ಟಿಗಳಲ್ಲಿ ತುಂಬಿ ನೀರಿನಲ್ಲಿ ಸುತ್ತಿಸಿದಾಗ ಹಗುರವಾದ ಮಣ್ಣು ಮರಳು ಅಂಚಿನಿಂದ ಹೊರಚೆಲ್ಲಿ, ಭಾರವಾದ ಕಲ್ಲುಗಳು ತಳದಲ್ಲಿ ಉಳಿಯುತ್ತವೆ. ಅನುಭವಿಯೊಬ್ಬನು ಬುಟ್ಟಿಯನ್ನು ಬಿಸಿಲಿಗೆ ಹಿಡಿದು ಅವುಗಳಲ್ಲಿ ರತ್ನವನ್ನು ಆರಿಸುತ್ತಾನೆ. ನಮ್ಮ ಗ್ರಂಥಗಳು ಈ ಕೆಲಸವನ್ನು ವಿವರಿಸುವ ಗೋಜಿಗೆ ಹೋಗುವುದಿಲ್ಲ. ‘ಇಂದನೀಲ’ವು ಉತ್ತರಾಧ್ಯಯನಸೂತ್ರದ ಪೃಥ್ವೀಕಾಯದ ಪಟ್ಟಿಯಲ್ಲಿದೆ, ನೆಲವನ್ನು ಅಗೆಯುವ ಸ್ಫೋಟಕರ್ಮವಾದರೋ ಶ್ರಾವಕನಿಗೆ ವರ್ಜ್ಯವಾದ ಹದಿನೈದು ಕರ್ಮಾದಾನಗಳಲ್ಲೊಂದು. ಜೈನ ವರ್ತಕನಿಗೆ ಪರಿಚಯವಿದ್ದುದು ಗಣಿಯಲ್ಲ, ಅಂಗಡಿಯ ತಕ್ಕಡಿ ಎಂದು ಊಹಿಸಬಹುದು.

ಈ ತಕ್ಕಡಿಯ ಮಾತು ಸುಮ್ಮನೆ ಬಂದುದಲ್ಲ. ಗಾಜು, ಸ್ಫಟಿಕ ಮೊದಲಾದ ಸದೃಶ ವಸ್ತುಗಳಿಂದ ಇಂದ್ರನೀಲವನ್ನು ಬೇರ್ಪಡಿಸಲು ಗುರುತ್ವ ಮತ್ತು ಕಾಠಿನ್ಯಗಳನ್ನು ನೋಡಬೇಕೆಂದು ಶಾಸ್ತ್ರವು ವಿಧಿಸುತ್ತದೆ. ನೀಲದ ಸಾಪೇಕ್ಷ ಸಾಂದ್ರತೆ ಸುಮಾರು 4, ಸ್ಫಟಿಕದ್ದು 2.65, ಕಾಠಿನ್ಯ ಕ್ರಮವಾಗಿ 9 ಮತ್ತು 7. ರತ್ನಪುರದ ಬುಟ್ಟಿಯೂ ಗ್ರಂಥದ ಲಕ್ಷಣವೂ ಒಂದೇ ಗುಣವನ್ನು ನಂಬಿವೆ. ನೂರುಪಟ್ಟು ಹಾಲನ್ನು ನೀಲಿಯಾಗಿಸುವ ಮಹಾನೀಲದ ವರ್ಣನೆಯನ್ನು ಮಾತ್ರ ಸ್ತುತಿಯೆಂದೇ ತಿಳಿಯುವುದು ಕ್ಷೇಮ.

ಇನ್ನು ‘ಅಭ್ರಿಕೆ’. ನೀಲದೊಳಗೆ ರೂಟೈಲ್ ಎಂಬ ಖನಿಜದ ಅತಿಸೂಕ್ಷ್ಮ ಸೂಜಿಗಳು ಮೂರು ದಿಕ್ಕಿನಲ್ಲಿ ಹೆಣೆದುಕೊಂಡಿರುವುದುಂಟು. ಬೆಳಕು ಅವುಗಳ ಮೇಲೆ ಚದುರಿ ಬಿಳಿಯ ತೆರೆಯಂತೆ ತೋರುತ್ತದೆ. ವ್ಯಾಪಾರಿಗಳು ಇದನ್ನು ರೇಷ್ಮೆಯೆನ್ನುತ್ತಾರೆ. ಸೂಜಿಗಳು ದಟ್ಟವಾಗಿದ್ದು ಕಲ್ಲನ್ನು ಗುಮ್ಮಟದಂತೆ ಉಜ್ಜಿದರೆ ಆರು ಕಿರಣಗಳ ನಕ್ಷತ್ರ ಮೂಡುವುದು. ‘ಅಭ್ರ’ವೆಂದರೆ ಮೋಡವೂ ಆಗುವುದರಿಂದ, ‘ಪಟಲ’, ‘ಛಾಯಾ’ ಎಂಬ ನೆರೆಯ ಪದಗಳ ಬೆಂಬಲದಿಂದ, ಅಭ್ರಿಕೆಯು ಈ ಮೋಡದಂತಹ ಮಬ್ಬೇ ಎಂದು ನನ್ನ ಅಭಿಪ್ರಾಯ. ನೀಲದೊಳಗೆ ಅಭ್ರಕದ ಚೂರುಗಳೂ ಒಮ್ಮೊಮ್ಮೆ ಕಾಣುತ್ತವೆಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಆದರೆ ಬಿಡಿಚೂರು ಪಟಲವಾಗಲಾರದು.

ಇದಕ್ಕೆ ಇನ್ನೊಂದು ಬೆಂಬಲವೂ ಉಂಟು. ಇಂದ್ರನೀಲವು ಪದ್ಮರಾಗಕ್ಕಿಂತ ಹೆಚ್ಚು ಬೆಂಕಿಯನ್ನು ಸಹಿಸುವುದಾದರೂ, ಪರೀಕ್ಷೆಗಾಗಿಯಾಗಲಿ ಗುಣವೃದ್ಧಿಗಾಗಿಯಾಗಲಿ ಅದನ್ನು ಬೆಂಕಿಗಿಡಬಾರದು. ಉರಿಯ ಪ್ರಮಾಣವರಿಯದೆ ಕೆಡಿಸಿದರೆ ಒಡೆಯನಿಗೂ ಮಾಡಿದವನಿಗೂ ಮಾಡಿಸಿದವನಿಗೂ ಅನರ್ಥವೆಂದು ಅದೇ ಪ್ರಕರಣ ಎಚ್ಚರಿಸುತ್ತದೆ. ಬೆಂಕಿಯಿಂದ ಗುಣವೃದ್ಧಿಯ ಪ್ರಯತ್ನ ನಡೆಯುತ್ತಿದ್ದುದರಿಂದಲೇ ಈ ನಿಷೇಧ. ರೂಟೈಲನ್ನು ಕರಗಿಸಿ ಮಬ್ಬನ್ನು ನೀಲಿಯಾಗಿಸಲು 1500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ತಾಪ ಬೇಕು. 1970ರ ದಶಕದಲ್ಲಿ ಥಾಯ್ಲೆಂಡಿನ ವರ್ತಕರು ‘ಗೆವುಡ’ ಎಂಬ ಸಿಂಹಳದ ಹಾಲುಬಣ್ಣದ ಅಗ್ಗದ ಕಲ್ಲುಗಳನ್ನು ಕೊಂಡು ಹೀಗೆ ಕಾಯಿಸಿ ಬೆಲೆಬಾಳುವ ನೀಲವನ್ನಾಗಿಸಿದರು. ಊದುಗೊಳವೆಯ ಉರಿಗೆ ಇಷ್ಟು ಶಕ್ತಿಯಿರಲಿಲ್ಲ. ಬಿರುಕೇ ಹೆಚ್ಚು ಸಂಭವ.

ಸಾಣೆಗಾರನಿಗೂ ಬಣ್ಣದ ಚಿಂತೆಯೇ. ಅನೇಕ ಕಲ್ಲುಗಳಲ್ಲಿ ನೀಲಿಯು ಒಂದು ಮೂಲೆಯಲ್ಲಿ ಮಾತ್ರವಿರುತ್ತದೆ. ಆ ಭಾಗವು ಬುಡಕ್ಕೆ ಬರುವಂತೆ ಉಜ್ಜಿದರೆ ಪ್ರತಿಫಲನದಿಂದ ಇಡೀ ರತ್ನ ನೀಲಿಯಾಗಿ ಕಾಣುತ್ತದೆ. ‘ವರ್ಣದೋಷ’ವನ್ನು ಓದುವಾಗ ಇದನ್ನೂ ನೆನೆಯಬೇಕು.

ಈ ಸರಕು ನಮ್ಮ ನಾಡಿಗೆ ಹೊಸದಲ್ಲ. ಕ್ರಿ.ಶ. 1054ರ ಶಿಕಾರಿಪುರ 118ನೆಯ ಶಾಸನವು ಅಯ್ಯಾವೊಳೆ ಐನೂರ್ವರ ಸರಕುಗಳಲ್ಲಿ ಇಂದ್ರನೀಲವನ್ನು ಹೆಸರಿಸುತ್ತದೆ. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ರತ್ನಪರೀಕ್ಷೆಗೆ ಸ್ಥಾನವುಂಟು. ಆದುದರಿಂದ ಕನ್ನಡದ ಓಲೆಗಳಲ್ಲಿ ‘ಅಭ್ರಿಕೆ’, ‘ಅಭ್ರ’ ಎಂಬ ರೂಪಗಳು ದೊರೆತಲ್ಲಿ ಸಂಪಾದಕರು ಅವನ್ನು ‘ಅಭ್ರಕ’ವೆಂದು ತಿದ್ದದೆ, ಪ್ರತಿಯಲ್ಲಿದ್ದಂತೆಯೇ ಮುದ್ರಿಸಿ, ತಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕೆಂದು ವಿನಂತಿ.