ಇರುಳಿನ ಕಣ್ಣು, ದೀಪದ ಬಣ್ಣ

ಕಾಪುವಿನ ಕಡಲ ತೀರದ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟಿದುದು 1901ರಲ್ಲಿ. ಆ ಕಾಲದ ಇರುಳನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟವೇ ಸರಿ. ಮನೆಯೊಳಗೆ ಎಣ್ಣೆಯ ಹಣತೆ, ಸೀಮೆಎಣ್ಣೆಯ ಚಿಮಣಿ. ಉಡುಪಿಗೋ ಕಾರ್ಕಳಕ್ಕೋ ನಡೆದು ಹೋಗುವವರ ಕೈಯಲ್ಲಿ ತೆಂಗಿನ ಗರಿಯ ಸೂಡಿ. ಎಲ್ಲದರ ಬೆಳಕೂ ಕೆಂಪು ಬೆರೆತ ಹಳದಿಯೇ. ಹಣತೆಯ ಮುಂದಿನಿಂದೆದ್ದು ಅಂಗಳಕ್ಕಿಳಿದವನಿಗೆ ತುಸು ಹೊತ್ತಿನಲ್ಲಿಯೇ ಬಾವಿಕಟ್ಟೆ, ಬೇಲಿ, ತೋಡುಗಳ ಗುರುತು ಹತ್ತುತ್ತಿತ್ತು.

ಇದರ ಮರ್ಮದ ಒಂದೆಳೆಯನ್ನು ಬೊಹೀಮಿಯದ ವಿಜ್ಞಾನಿ ಪುರ್ಕಿನ್ಯೆ ಹಿಡಿದಿದ್ದನು. ಹಗಲಿನಲ್ಲಿ ಉಜ್ವಲವಾಗಿ ಕಾಣುವ ಕೆಂಪು ಹೂವು ಮುಸ್ಸಂಜೆಗೆ ಕಪ್ಪಿಡುವುದನ್ನೂ, ನೀಲಿ ಹೂವು ಅದಕ್ಕಿಂತ ಬೆಳ್ಳಗೆ ತೋರುವುದನ್ನೂ ಅವನು 1825ರಲ್ಲಿ ಬರೆದನು. ಕಾರಣವು ಅನಂತರ ತಿಳಿದು ಬಂದಿತು. ಕಣ್ಣಿನಲ್ಲಿ ಬಣ್ಣವನ್ನರಿಯುವ ಶಂಕುಕೋಶಗಳು ಹಗಲಿಗೆ. ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳು ಇರುಳಿಗೆ. ದಂಡಕೋಶಗಳಿಗೆ ನೀಲಿ-ಹಸಿರು ಬಲು ಚೆನ್ನಾಗಿ ಕಾಣುತ್ತದೆ, ಕಡುಗೆಂಪು ಕಾಣುವುದೇ ಇಲ್ಲವೆನ್ನಬಹುದು. ಅವು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಪ್ರಖರವಾದ ಬಿಳಿ ಬೆಳಕು ಕ್ಷಣದಲ್ಲಿ ಅದನ್ನು ಕೆಡಿಸಬಲ್ಲುದು. ಎರಡನೆಯ ಮಹಾಯುದ್ಧದಲ್ಲಿ ನಾವಿಕರು ಕೆಂಪು ದೀಪವನ್ನು ಬಳಸಿದುದು ಇದಕ್ಕಾಗಿಯೇ.

ಬೆಂಗಳೂರಿನ ಬೀದಿಗೆ ವಿದ್ಯುದ್ದೀಪವು 1905ರಲ್ಲಿ ಬಂದಿತು. ಮುಂದೆ ಹೆದ್ದಾರಿಗಳಲ್ಲಿ ಸೋಡಿಯಂ ದೀಪದ ಹಳದಿ ಹರಡಿತು. 2015ರಲ್ಲಿ ಬೀದಿ ದೀಪಗಳ ರಾಷ್ಟ್ರೀಯ ಯೋಜನೆ ಆರಂಭವಾದ ಮೇಲೆ ಬಿಳಿಯ ಎಲ್‌ಇಡಿ ಊರೂರಿಗೂ ನಡೆದಿದೆ. ಇದರಲ್ಲಿ ವಿದ್ಯುತ್ತು ಉಳಿಯುತ್ತದೆ, ಬಣ್ಣಗಳ ಭೇದ ಸ್ಪಷ್ಟವಾಗುತ್ತದೆ, ರಸ್ತೆಯ ಅಂಚೂ ಕಣ್ಣಿಗೆ ಬೀಳುತ್ತದೆ. ಆದರೆ ಅಚ್ಚ ಬಿಳಿಯ ದೀಪದಲ್ಲಿ ನೀಲಿಯ ಅಂಶ ಹೆಚ್ಚು. ವಯಸ್ಸಾದವರ ಕಣ್ಣಿನ ಮಸೂರದಲ್ಲಿ ಬೆಳಕು ಚದರಿ ಕಣ್ಣು ಕುಕ್ಕುತ್ತದೆ. ದೀಪದಾಚೆಯ ಕತ್ತಲೆಯೂ ಮತ್ತಷ್ಟು ದಟ್ಟವಾಗುತ್ತದೆ.

ರಸ್ತೆಯಲ್ಲಿ ಇದು ಪ್ರಯಾಸವಷ್ಟೆ. ಕಡಲಿನಲ್ಲಿ ಪ್ರಾಣದ ಪ್ರಶ್ನೆ. ಕತ್ತಲಿಗೆ ಪಳಗಿದ ಕಣ್ಣಿನಿಂದ ಮೀನುಗಾರನು ಕಾಪುವಿನ ದೀಪವನ್ನು ಹುಡುಕಬೇಕು. ದಡದ ದೀಪಗಳು ಕಡಲಿಗೆ ಮುಖ ಮಾಡಿ ಉರಿದರೆ ಅವುಗಳ ನಡುವೆ ಆ ಮಿನುಗನ್ನು ಬೇರ್ಪಡಿಸುವುದು ಸುಲಭವಲ್ಲ. ಪರಿಹಾರವೇನೂ ದೊಡ್ಡದಲ್ಲ. ದೀಪಕ್ಕೊಂದು ಮರೆ ಇರಲಿ, ಬೆಳಕು ನೆಲಕ್ಕೆ ಬೀಳಲಿ, ತೀರದಲ್ಲಿ ಬಣ್ಣವು ಹಳದಿಗೆ ಹತ್ತಿರವಿರಲಿ. ಬೀದಿಗೆ ಕಂಬ ನೆಡುವಾಗ ದೋಣಿಯಲ್ಲಿ ಕುಳಿತವನ ಕಣ್ಣನ್ನೂ ನೆನೆಯುವುದು ನ್ಯಾಯ.