ರಕ್ತಸಂಬಂಧದ ಸಾಕ್ಷಿ ಬೆಳೆದುಬಂದ ಬಗೆ

ಕಳೆದ ದೀಪಾವಳಿಯ ಮರುವಾರ ಆಂಟಾಪ್ ಹಿಲ್‌ನ ನಮ್ಮ ಸರಕಾರಿ ಕ್ವಾರ್ಟರ್ಸಿಗೆ ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಬಂದರು. ಮಾತು ಮರಾಠಿ, ನಡುವೆ ನಾಲ್ಕಾರು ತುಳು ಶಬ್ದ. 1961ರಲ್ಲಿ ಊರು ಬಿಟ್ಟು ಮಾಟುಂಗದ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಸುದ್ದಿಯೇ ಇಲ್ಲದಂತಾದ ನಮ್ಮ ದೊಡ್ಡಪ್ಪನ ಮಗ ತಾನು ಎಂದರು. ದೊಡ್ಡಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತಂತೆ. ಅವರು ತಂದಿದ್ದ ಹಳೆಯ ಫೋಟೋವನ್ನು ಎಪ್ಪತ್ತೇಳರ ನಮ್ಮ ತಂದೆ ಬಹಳ ಹೊತ್ತು ಹಿಡಿದುಕೊಂಡಿದ್ದರು. ಬಂದವರು ಕೇಳಿದ್ದು ಒಂದೇ: ಕುಟುಂಬದ ದೈವ ಯಾವುದು, ನೇಮಕ್ಕೆ ತಾನು ಬರಬಹುದೇ?

ಊರಿಗೆ ಫೋನು ಹೋದ ಕೂಡಲೇ ಬೇರೆ ಮಾತು ಎದ್ದಿತು. ದೊಡ್ಡಪ್ಪನ ಹೆಸರು ಪಹಣಿಯಲ್ಲಿ ಇನ್ನೂ ಇದೆ. "ಜಾಗಕ್ಕೆ ಬಂದವನಿರಬೇಕು, ಪರೀಕ್ಷೆ ಮಾಡಿಸಿ" ಎಂದರು. ಬಿ.ಎಸ್‌ಸಿ. ಓದಿದವನೆಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲೇ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ಅಂಚೆಯಲ್ಲಿ ಕಳುಹಿಸುವ ಡಿ.ಎನ್.ಎ. ಪರೀಕ್ಷೆಯ ಡಬ್ಬವೊಂದನ್ನು ತರಿಸಿದೆ. ಅದನ್ನು ತೆರೆಯುವ ಮುನ್ನ ಇದರ ಹಿಂದುಮುಂದು ತಿಳಿಯೋಣವೆಂದು ಓದಲು ಕುಳಿತೆ. ಓದಿದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಶಕುಂತಳೆಯ ಕಾಲಕ್ಕೆ ಉಂಗುರವೇ ಸಾಕ್ಷಿ. ರಕ್ತವನ್ನೇ ಸಾಕ್ಷಿಗೆ ಕರೆಯುವುದು ಸಾಧ್ಯವಾದದ್ದು 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದ ಮೇಲೆ. ಆದರೆ ಆ ಸಾಕ್ಷಿಗೆ "ಅಲ್ಲ" ಎನ್ನಲು ಮಾತ್ರ ಬರುತ್ತಿತ್ತು, "ಹೌದು" ಎನ್ನಲು ಬರುತ್ತಿರಲಿಲ್ಲ. ಅಮೆರಿಕದಲ್ಲಿ ಚಾರ್ಲಿ ಚಾಪ್ಲಿನ್ನರ ಮೇಲೆ ಪಿತೃತ್ವದ ದಾವೆ ಹೂಡಿದಾಗ ಚಾಪ್ಲಿನ್ ಓ ಗುಂಪಿನವರು, ತಾಯಿ ಎ, ಮಗು ಬಿ ಎಂದು ತಿಳಿಯಿತು. ಓ ಮತ್ತು ಎ ಸೇರಿ ಬಿ ಹುಟ್ಟುವಂತಿಲ್ಲ. ಆದರೂ ಕ್ಯಾಲಿಫೋರ್ನಿಯದ ಜ್ಯೂರಿ 1945ರಲ್ಲಿ ಚಾಪ್ಲಿನ್ನರೇ ತಂದೆ ಎಂದು ತೀರ್ಪಿತ್ತಿತು! ವಿಜ್ಞಾನ ಹೇಳಿದ್ದನ್ನು ಕೋರ್ಟು ಕೇಳಲೇಬೇಕೆಂಬ ನಿಯಮ ಆಗ ಅಲ್ಲಿರಲಿಲ್ಲ.

"ಹೌದು" ಎನ್ನುವ ಸಾಕ್ಷಿ ಸಿಕ್ಕಿದ್ದು 1984ರ ಸೆಪ್ಟೆಂಬರ್ 10ರಂದು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಎಕ್ಸ್‌ರೇ ಫಿಲ್ಮಿನ ಮೇಲೆ ಕಂಡ ಗೆರೆಗಳ ಸಾಲು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿತ್ತು. ಮಕ್ಕಳ ಗೆರೆಗಳಲ್ಲಿ ಅರ್ಧ ತಾಯಿಯವು, ಅರ್ಧ ತಂದೆಯವು. ಮರುವರ್ಷ ಅದರ ಮೊದಲ ಪ್ರಯೋಜನ ಪಡೆದದ್ದು ವಲಸೆ ಬಂದ ಒಂದು ಕುಟುಂಬ ಎಂಬುದು ನಮ್ಮಂಥವರು ಗಮನಿಸಬೇಕಾದ ಸಂಗತಿ. ಘಾನಾದಿಂದ ಇಂಗ್ಲೆಂಡಿಗೆ ಮರಳಿದ ಹುಡುಗನನ್ನು ಅಧಿಕಾರಿಗಳು ತಾಯಿಯ ಬಳಿ ಬಿಡಲು ಒಪ್ಪಲಿಲ್ಲ, ಅವನು ಅವಳ ಮಗನೇ ಎಂಬ ಸಂಶಯ. ತಂದೆ ಪರೀಕ್ಷೆಗೆ ಸಿಗಲಿಲ್ಲ. ತಾಯಿಯ ಮತ್ತು ಇತರ ಮೂವರು ಮಕ್ಕಳ ರಕ್ತದಿಂದಲೇ ಜೆಫ್ರೀಸರು ತಂದೆಯ ಗೆರೆಗಳನ್ನು ಊಹಿಸಿ ಹುಡುಗ ಆ ಮನೆಯವನೇ ಎಂದು ತೋರಿಸಿದರು. ಕಾಗದಪತ್ರ ಸೋತಲ್ಲಿ ರಕ್ತ ಗೆದ್ದಿತು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದವರು ಹೈದರಾಬಾದಿನ ಸಿ.ಸಿ.ಎಂ.ಬಿ.ಯ ಡಾ. ಲಾಲ್‌ಜೀ ಸಿಂಗ್. ಪಟ್ಟೆಯುಳ್ಳ ಕ್ರೇಟ್ ಹಾವಿನ ಡಿ.ಎನ್.ಎ. ಮೇಲೆ ಮಾಡಿದ ಸಂಶೋಧನೆಯಿಂದಲೇ ಮನುಷ್ಯರನ್ನು ಗುರುತಿಸುವ ಸಾಧನ ಅವರಿಗೆ ದೊರೆಯಿತೆಂಬುದು ಸ್ವಾರಸ್ಯ. ಅವರ ಸಾಕ್ಷಿ ಪಿತೃತ್ವದ ದಾವೆಯಲ್ಲಿ ಮೊದಲು ನಿಂತದ್ದು ಕಾಸರಗೋಡಿನಿಂದ ತೆಂಕಣಕ್ಕಿರುವ ತಲಚೇರಿಯಲ್ಲಿ; 1991ರಲ್ಲಿ ಕೇರಳ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಕಾನೂನು ಅಷ್ಟು ಬೇಗ ಬಾಗಲಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 112ನೆಯ ಕಲಮಿನ ಪ್ರಕಾರ ದಾಂಪತ್ಯದಲ್ಲಿ ಹುಟ್ಟಿದ ಮಗು ಗಂಡನದೇ. ಆ ಕಾಲದಲ್ಲಿ ಗಂಡಹೆಂಡಿರು ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ಅಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದ 116ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ಕೇಳಿದವರಿಗೆಲ್ಲ ರಕ್ತಪರೀಕ್ಷೆಗೆ ಆಜ್ಞೆ ಕೊಡಲಾಗದು ಎಂದು ಸುಪ್ರೀಂ ಕೋರ್ಟು 1993ರಲ್ಲಿ ಹೇಳಿತು. 2012ರಲ್ಲಿ ಹಿರಿಯ ರಾಜಕಾರಣಿ ಎನ್.ಡಿ. ತಿವಾರಿಯವರ ಪರೀಕ್ಷೆಯ ಫಲಿತಾಂಶ ದಿಲ್ಲಿ ಹೈಕೋರ್ಟಿನಲ್ಲಿ ಬಯಲಾದದ್ದು ಎಲ್ಲರಿಗೂ ನೆನಪಿದೆ. ಪುಣೆಯ ಕುಟುಂಬ ನ್ಯಾಯಾಲಯದಲ್ಲಿ ಆರಂಭವಾದ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು, ತಂದೆತಾಯಿಯರ ಜಗಳದಲ್ಲಿ ಮಗುವನ್ನು ವಾಡಿಕೆಯೆಂಬಂತೆ ಪರೀಕ್ಷೆಗೆ ಎಳೆಯಕೂಡದೆಂದಿತು. ಇಂಥ ಡಬ್ಬಗಳು ಸುಲಭವಾಗಿ ಸಿಗುವ ಕಾಲದಲ್ಲಿ ಈ ಮಾತು ಮನೆಯೊಳಗೂ ಸಲ್ಲುತ್ತದೆಂದು ನನಗನಿಸುತ್ತದೆ.

ಇನ್ನು ಡಬ್ಬದ ವಿಷಯ. ತಂದೆ-ಮಕ್ಕಳ ಪ್ರಶ್ನೆಯಾದರೆ ಇಂದಿನ ಪ್ರಯೋಗಾಲಯಗಳು ಹದಿನೈದು ಇಪ್ಪತ್ತು ಅಥವಾ ಇನ್ನೂ ಹೆಚ್ಚು ಜಾಗಗಳನ್ನು ಹೋಲಿಸಿ ಬಹುಮಟ್ಟಿಗೆ ಖಚಿತ ಉತ್ತರವನ್ನೇ ಕೊಡುತ್ತವೆ. ಸಂಬಂಧ ದೂರವಾದಷ್ಟೂ ಉತ್ತರ ಮಸುಕು. ತಂದೆ-ಮಕ್ಕಳಲ್ಲಿ ಅರ್ಧ ಪಾಲು ಸಮಾನ. ಚಿಕ್ಕಪ್ಪ ಮತ್ತು ಅಣ್ಣನ ಮಗನಲ್ಲಿ ಸರಾಸರಿ ಕಾಲು ಭಾಗ. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ನಡುವೆ ಎಂಟರಲ್ಲೊಂದು. ಗಂಡಸರಿಗೆ ಇನ್ನೊಂದು ದಾರಿಯಿದೆ: ವೈ ವರ್ಣತಂತು ಅಪ್ಪನಿಂದ ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ, ಗೋತ್ರದ ಹಾಗೆ. ಮೈಟೊಕಾಂಡ್ರಿಯದ ಡಿ.ಎನ್.ಎ. ಮಾತ್ರ ತಾಯಿಯಿಂದಲೇ ಬರುತ್ತದೆ, ಅಳಿಯಸಂತಾನದವರ ಬಳಿಯ ಹಾಗೆ. ತುಳುನಾಡಿನ ಹಿರಿಯರು ಸೂಕ್ಷ್ಮದರ್ಶಕವಿಲ್ಲದೆ ಹಿಡಿದ ಲೆಕ್ಕವಿದು! 1949ರ ಮದರಾಸು ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಆಸ್ತಿಯ ಲೆಕ್ಕ ಬದಲಾಯಿತು. ಬಳಿಯ ಲೆಕ್ಕ ಬದಲಾಗಲಿಲ್ಲ.

ಆದ್ದರಿಂದ ನಮ್ಮ ಮನೆಯ ಸ್ಥಿತಿ ವಿಚಿತ್ರ. ಬಂದವರು ದೊಡ್ಡಪ್ಪನ ಮಗನೇ ಆಗಿದ್ದರೂ ನಮ್ಮ ಅಜ್ಜಿಯ ಬಳಿ ಅವರದಲ್ಲ, ನನ್ನದೂ ಅಲ್ಲ. ಆದರೆ ಪಹಣಿಯಲ್ಲಿರುವ ದೊಡ್ಡಪ್ಪನ ಪಾಲು, ಕಾಯ್ದೆಯಂತೆ, ಅವರಿಗೆ ಸೇರುವಂಥದು. ಅದಕ್ಕೂ ಈ ಡಬ್ಬ ಸಾಲದು. ಯಾರ ಉಗುಳನ್ನು ಯಾರು ಕಳುಹಿಸಿದರೆಂಬುದಕ್ಕೆ ಸಾಕ್ಷಿಯಿಲ್ಲದ ಕಾರಣ, ಮನೆಯಲ್ಲಿ ಮಾಡಿದ ಪರೀಕ್ಷೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಇಷ್ಟನ್ನೂ ತಂದೆಯವರಿಗೆ ವಿವರಿಸಿದೆ. ಅವರ ಮತ್ತು ಬಂದವರ ವೈ ವರ್ಣತಂತು ಕೂಡಿದರೆ ಒಂದೇ ವಂಶದ ಗಂಡಸರೆಂದು ಹೇಳಬಹುದು ಎಂದೆ.

"ಕೂಡದಿದ್ದರೆ?"

"ಆಗ ಅವರು ದೊಡ್ಡಪ್ಪನ ಮಗನಲ್ಲ."

"ಅಷ್ಟೇಯಾ? ಅಣ್ಣನೂ ನಾನೂ ಒಬ್ಬ ಅಪ್ಪನ ಮಕ್ಕಳಲ್ಲ ಅಂತಲೂ ಆಗಬಹುದಲ್ಲ?"

ಬಿ.ಎಸ್‌ಸಿ. ಓದಿದ ನನಗೆ ಅದು ಹೊಳೆದಿರಲಿಲ್ಲ. ಆಗಬಹುದು ಎಂದು ಒಪ್ಪಿಕೊಂಡೆ. ಎಲ್ಲಿಯ ಕೊಂಡಿ ತಪ್ಪಿದೆ ಎಂಬುದನ್ನು ಆ ಕಾಗದ ಹೇಳುವುದಿಲ್ಲ.

"ಸತ್ತು ನಲವತ್ತು ವರ್ಷವಾದ ನಮ್ಮ ಅಮ್ಮನನ್ನು ಪರೀಕ್ಷೆ ಮಾಡುವುದಕ್ಕೆ ನಾನು ಬಾಯಿ ತೆರೆಯುವುದಿಲ್ಲ ಮಗಾ" ಎಂದರು.

ಊರಿನವರಿಗೆ ಈ ಉತ್ತರ ಹಿಡಿಸಿಲ್ಲ. ಪಹಣಿಯ ವಿಷಯ ವಕೀಲರ ಬಳಿ ಹೋಗುವ ಲಕ್ಷಣವಿದೆ. ಕೋರ್ಟು ಕೇಳಿದರೆ ತಂದೆಯವರು ಏನು ಮಾಡುವರೋ ಕಾಣೆ. ಬಂದವರು ಮಾತ್ರ ಪ್ರತಿ ಭಾನುವಾರ ಜಿ.ಟಿ.ಬಿ. ನಗರ ಸ್ಟೇಶನ್ನಿನಿಂದ ನಡೆದುಕೊಂಡು ಬಂದು ತಂದೆಯವರ ಹತ್ತಿರ ತುಳು ಕಲಿಯುತ್ತಿದ್ದಾರೆ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಡಬ್ಬ ಕಪಾಟಿನಲ್ಲಿದೆ, ಬಳಸುವ ಅವಧಿ ಇನ್ನೂ ಮುಗಿದಿಲ್ಲ.